ಮ್ಯಾಂಡೊಲಿನ್ ನಾದವನ್ನು ಒರೆಗೆ ಹಚ್ಚುವುದು: ಕಿವಿಯ ಕೆಲಸ ಯಾವುದು, ಅಳತೆಯ ಕೆಲಸ ಯಾವುದು

ಎರಡು ಮ್ಯಾಂಡೊಲಿನ್ ಪಕ್ಕಪಕ್ಕ ಇಟ್ಟು ಯಾವುದರ ನಾದ ಚೆನ್ನಾಗಿದೆ ಎಂದು ಕೇಳಿದರೆ, ಹೆಚ್ಚಿನವರ ಬೆರಳು ಹೊಸ ತಂತಿ ಹಾಕಿದ ವಾದ್ಯದ ಕಡೆಗೋ ತುಸು ಜೋರಾಗಿ ಕೇಳುವ ವಾದ್ಯದ ಕಡೆಗೋ ಹೋಗುತ್ತದೆ. ಅದು ಕಿವಿಯ ತಪ್ಪಲ್ಲ, ಹೋಲಿಕೆಯೇ ಸಮವಾಗಿರಲಿಲ್ಲ. ಅವೇ ಎರಡು ವಾದ್ಯಗಳ ಮುಂದೆ ಫೋನ್ ಹಿಡಿದು, ದನಿಯಲ್ಲಿ ಯಾವ ಆವೃತ್ತಿ ಎಷ್ಟಿದೆ ಎಂದು ಗ್ರಾಫ್ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ತೆರೆದರೂ ಗತಿ ಅಷ್ಟೇ. ತಂತಿ ಮೀಟುವ ಪಿಕ್ ಎರಡು ಸೆಂಟಿಮೀಟರ್ ಆಚೀಚೆ ಸರಿದರೆ ಸಾಕು, ವಾದ್ಯವೇ ಬದಲಾಯಿತೇನೋ ಎಂಬಷ್ಟು ಗ್ರಾಫ್ ಬದಲಾಗುತ್ತದೆ.

ಆಯ್ಕೆ ಮಾಡುವುದು ಕಿವಿಯ ಕೆಲಸ. ಆ ಆಯ್ಕೆಯ ಹಿಂದಿನ ಕಾರಣ ಮರದಲ್ಲಿದೆಯೋ, ತಂತಿಯಲ್ಲಿದೆಯೋ, ಕೂರಿಸಿದ ರೀತಿಯಲ್ಲಿದೆಯೋ ಎಂದು ಬಿಡಿಸಿ ಹೇಳುವುದು ಅಳತೆಯ ಕೆಲಸ. ಹಾಗಾಗಿ ಅನುಕ್ರಮ ಮುಖ್ಯ: ಮೊದಲು ಎರಡೂ ವಾದ್ಯಗಳನ್ನು ಒಂದೇ ಹದಕ್ಕೆ ತರಬೇಕು, ಆಮೇಲೆ ನೋಡದೆ ಕೇಳಬೇಕು, ಆಮೇಲೆ ಅಳೆಯಬೇಕು, ಅಳೆದದ್ದನ್ನು ಮತ್ತೆ ಕಿವಿಗೆ ಒಪ್ಪಿಸಬೇಕು.

ಇಲ್ಲಿ ಹೇಳುವುದೆಲ್ಲ ನಾಲ್ಕು ಜೋಡಿ ತಂತಿಯ, ಜಿ-ಡಿ-ಎ-ಇ ಶ್ರುತಿಯ (196, 293.7, 440 ಮತ್ತು 659.3 ಹರ್ಟ್ಜ್) ಅಕೂಸ್ಟಿಕ್ ಮ್ಯಾಂಡೊಲಿನ್‌ಗೆ. ಕರ್ನಾಟಕ ಸಂಗೀತದಲ್ಲಿ ಬಳಸುವ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನ ಲೆಕ್ಕ ಬೇರೆ. ಅದು ಕೊನೆಯಲ್ಲಿದೆ.

ಮೊದಲು ಎರಡನ್ನೂ ಒಂದೇ ಹದಕ್ಕೆ ತನ್ನಿ

ಎರಡಕ್ಕೂ ಒಂದೇ ಕಂಪನಿಯ ಒಂದೇ ದಪ್ಪದ ತಂತಿ ಹಾಕಿ, ಒಂದೇ ದಿನ ಹಾಕಿ. ಮೀಡಿಯಂ ಸೆಟ್‌ನಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ 0.011, 0.015, 0.026, 0.040 ಇಂಚು. ಲೈಟ್ ಸೆಟ್‌ನಲ್ಲಿ 0.010, 0.014, 0.024, 0.038. ಒಂದರಲ್ಲಿ ಮೀಡಿಯಂ, ಇನ್ನೊಂದರಲ್ಲಿ ಲೈಟ್ ಇದ್ದರೆ ನೀವು ಹೋಲಿಸುತ್ತಿರುವುದು ತಂತಿಗಳನ್ನು, ವಾದ್ಯಗಳನ್ನಲ್ಲ. ಹೊಸ ತಂತಿ ಮೊದಲ ಕೆಲವು ಗಂಟೆ ಹಿಗ್ಗುತ್ತ ಶ್ರುತಿ ಬಿಡುತ್ತದೆ, ಗಾಜಿನಂಥ ಹೊಳಪೂ ಇರುತ್ತದೆ. ಎರಡನ್ನೂ ಎರಡು-ಮೂರು ಗಂಟೆ ನುಡಿಸಿ ಒಂದು ರಾತ್ರಿ ಬಿಟ್ಟು ಮರುದಿನ ಪರೀಕ್ಷೆಗೆ ಕೂರಿಸುವುದು ಒಳ್ಳೆಯದು.

ಆಮೇಲೆ ಬ್ರಿಜ್, ಅಂದರೆ ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು, ನೋಡಿ. ವೀಣೆಯವರು ಕುದುರೆ ಎನ್ನುವುದು ಇದಕ್ಕೇ, ಇಲ್ಲೂ ಆ ಹೆಸರೇ ಇರಲಿ. ಮ್ಯಾಂಡೊಲಿನ್ನಿನ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿಟ್ಟಿರುತ್ತದೆ. ಎಂಟು ತಂತಿಗಳ ಬಿಗಿತ ಒಟ್ಟು 80 ಕಿಲೋ ಹತ್ತಿರ ಬರುತ್ತದೆ. ಅದರ ಒಂದು ಪಾಲು ಕುದುರೆಯ ಮೂಲಕ ಮೇಲ್ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ಕುದುರೆಯ ಪಾದ ಹಲಗೆಯ ಉಬ್ಬಿಗೆ ಸರಿಯಾಗಿ ಕೂತಿರಲೇಬೇಕು. ತೆಳುವಾದ ಕಾಗದದ ಚೂರನ್ನು ಪಾದದ ಸುತ್ತ ನಾಲ್ಕೂ ಕಡೆ ತೂರಿಸಿ ನೋಡಿ. ಎಲ್ಲಾದರೂ ಒಳಗೆ ಹೋದರೆ ಅಲ್ಲಿ ಸಂಪರ್ಕ ಇಲ್ಲ. ಆ ಒಂದು ಸಂದಿನಿಂದಲೇ ಇಡೀ ವಾದ್ಯ ತೆಳುವಾಗಿ, ಜೀವವಿಲ್ಲದಂತೆ ಕೇಳುತ್ತದೆ. ಎಷ್ಟೋ ಒಳ್ಳೆಯ ವಾದ್ಯಗಳಿಗೆ ಕೆಟ್ಟ ಹೆಸರು ಬಂದಿರುವುದು ಹೀಗೆಯೇ.

ಕುದುರೆಯ ಜಾಗ ಸರಿಯಿದೆಯೇ ಎಂದು ಟ್ಯೂನರ್‌ನಲ್ಲಿ ನೋಡಿ. 12ನೆಯ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಬೆರಳನ್ನು ಮುಟ್ಟಿಸಿ ಮಾತ್ರ ತೆಗೆದ ಹಾರ್ಮೋನಿಕ್, ಅದೇ ಫ್ರೆಟ್ ಒತ್ತಿ ನುಡಿಸಿದ ಸ್ವರ, ಎರಡೂ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಟೇಲ್‌ಪೀಸ್ (ತಂತಿಗಳ ಬುಡ ಸಿಕ್ಕಿಸಿದ ಲೋಹದ ಭಾಗ) ಕಡೆಗೆ ಕೂದಲೆಳೆಯಷ್ಟು ಸರಿಸಿ, ಇಳಿದಿದ್ದರೆ ಕುತ್ತಿಗೆಯ ಕಡೆಗೆ. ಸರಿಸುವ ಮೊದಲು ತಂತಿ ತುಸು ಸಡಿಲಿಸಿ, ಇಲ್ಲದಿದ್ದರೆ ವಾರ್ನಿಷ್ ಮೇಲೆ ಗೀರು ಬೀಳುತ್ತದೆ. ತಂತಿಯ ಎತ್ತರ 12ನೆಯ ಫ್ರೆಟ್ ಹತ್ತಿರ ಇ ತಂತಿಗೆ ಸುಮಾರು 1.5 ಮಿಲಿಮೀಟರ್, ಜಿ ತಂತಿಗೆ 1.8 ಮಿಲಿಮೀಟರ್ ಇರಲಿ. ಎರಡೂ ವಾದ್ಯಗಳಲ್ಲಿ ಒಂದೇ ಇರಬೇಕು ಎಂಬುದು ಇಲ್ಲಿ ಮುಖ್ಯ.

ಕೊನೆಯದು, ಜಿರಿಜಿರಿ ಹುಡುಕುವುದು. ಬಿರಡೆಗಳ ಬುಶ್, ಟೇಲ್‌ಪೀಸ್ ಮುಚ್ಚಳ, ಪಿಕ್‌ಗಾರ್ಡ್ ತಿರುಪು, ಕುದುರೆಯ ಎತ್ತರ ಹೊಂದಿಸುವ ಚಕ್ರ, ಇವುಗಳಲ್ಲಿ ಯಾವುದು ಸಡಿಲವಿದ್ದರೂ ಯಾವುದೋ ಒಂದೆರಡು ಸ್ವರಗಳಿಗೆ ಮಾತ್ರ ದನಿಗೂಡಿಸುತ್ತದೆ. ಅಂಚಿನ ಸುತ್ತ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಎಲ್ಲ ಕಡೆ ಟಕ್ ಎಂದದ್ದು ಒಂದು ಕಡೆ ಒಡಕು ದನಿ ಕೊಟ್ಟರೆ ಅಲ್ಲಿ ಅಂಟು ಬಿಟ್ಟಿದೆ. ಅಂಥ ವಾದ್ಯವನ್ನು ರಿಪೇರಿ ಮಾಡಿಸದೆ ಹೋಲಿಕೆಗೆ ಕೂರಿಸುವುದು ವ್ಯರ್ಥ.

ನೋಡದೆ ಕೇಳುವುದು

ಕಣ್ಣು ಕಿವಿಯನ್ನು ಎಷ್ಟು ಎಳೆಯುತ್ತದೆ ಎನ್ನುವುದಕ್ಕೆ ಪಿಟೀಲಿನ ಪರೀಕ್ಷೆಗಳು ಒಳ್ಳೆಯ ಪುರಾವೆ. 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕ್ಲಾಡಿಯಾ ಫ್ರಿಟ್ಜ್, ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು 21 ಪಿಟೀಲುವಾದಕರಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ, ಮಂದ ಬೆಳಕಿನಲ್ಲಿ ಮೂರು ಹೊಸ, ಮೂರು ಹಳೆಯ ಪಿಟೀಲು ಕೊಟ್ಟರು. ಹಳೆಯವು ಇಟಲಿಯ ಹೆಸರಾಂತ ತಯಾರಕರವು: ಎರಡು ಸ್ಟ್ರಾಡಿವರಿ, ಒಂದು ಗ್ವಾರ್ನೆರಿ. ವಾದಕರಿಗೆ ಹಳೆಯದು ಯಾವುದು, ಹೊಸದು ಯಾವುದು ಎಂದು ನೆಚ್ಚುವಂತೆ ಗುರುತಿಸಲು ಆಗಲಿಲ್ಲ, ಮೆಚ್ಚಿಗೆಯೂ ಹಳೆಯದರ ಕಡೆಗೆ ವಾಲಲಿಲ್ಲ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆಯಿದ್ದ ಆರು ಗಿಟಾರ್‌ಗಳನ್ನು 52 ವಾದಕರು ಹೀಗೆಯೇ ನುಡಿಸಿದರು. ಅವರು ಕೊಟ್ಟ ಅಂಕಗಳಲ್ಲಿ ಮರದಿಂದ ಮರಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ರೋಸ್‌ವುಡ್ ಆದ್ದರಿಂದ ಬೆಚ್ಚಗಿದೆ, ಮೇಪಲ್ ಆದ್ದರಿಂದ ಚುರುಕಾಗಿದೆ ಎಂಬ ಮಾತು ಕೇಳಿದಾಗ ಇದನ್ನು ನೆನಪಿಟ್ಟುಕೊಳ್ಳಿ.

ಮನೆಯಲ್ಲಿ ಇದಕ್ಕೆ ವೆಲ್ಡಿಂಗ್ ಕನ್ನಡಕ ಬೇಡ. ನುಡಿಸುವವರು ಒಬ್ಬರು, ಕೇಳುವವರು ಗೋಡೆಗೆ ಮುಖ ಮಾಡಿ ಕೂತರೆ ಆಯಿತು. ನುಡಿಸುವವರಿಗೆ ಕುತ್ತಿಗೆಯ ದಪ್ಪ, ತೂಕ ಕೈಗೇ ಗೊತ್ತಾಗುವುದರಿಂದ ಅವರ ಅಭಿಪ್ರಾಯವನ್ನು ಬೇರೆ ಇಟ್ಟುಕೊಳ್ಳಿ. ಇನ್ನೂ ಒಂದು ಕಾರಣವಿದೆ: ನಾದದ ತೂತುಗಳು ಎದುರಿಗೆ ತೆರೆದಿರುತ್ತವೆ, ನುಡಿಸುವವರ ಕಿವಿ ಮೇಲೆ, ಪಕ್ಕದಲ್ಲಿರುತ್ತದೆ. ಇಬ್ಬರೂ ಕೇಳುವುದು ಒಂದೇ ನಾದವಲ್ಲ. ಅಂಗಡಿಯಲ್ಲಿ ಒಬ್ಬರೇ ಇದ್ದರೆ ಗೋಡೆಯಿಂದ ಒಂದಡಿ ದೂರದಲ್ಲಿ ಗೋಡೆಗೆ ಮುಖ ಮಾಡಿ ನುಡಿಸಿ. ಎದುರಿನವರಿಗೆ ಹೋಗುವ ನಾದದ ಒಂದು ಪಾಲು ತಿರುಗಿ ನಿಮಗೇ ಬರುತ್ತದೆ.

ಪ್ರತಿ ಸಲವೂ ಅದೇ ಪಿಕ್, 1.4 ಮಿಲಿಮೀಟರ್ ಆಸುಪಾಸಿನ ದಪ್ಪದ್ದು. ವಾದ್ಯದ ಬೆನ್ನು ಹೊಟ್ಟೆಗೆ ಒತ್ತದಂತೆ ಹಿಡಿಯಿರಿ. ಒತ್ತಿದರೆ ಬೆನ್ನುಹಲಗೆಯ ಕಂಪನ ಅಂಗಿಯಲ್ಲೇ ಇಂಗಿಹೋಗುತ್ತದೆ. ಒಂದರಲ್ಲಿ ಅರ್ಧ ನಿಮಿಷ, ತಡಮಾಡದೆ ಇನ್ನೊಂದರಲ್ಲಿ ಅರ್ಧ ನಿಮಿಷ. ನಾದದ ಸೂಕ್ಷ್ಮ ನೆನಪು ಕೆಲವೇ ಸೆಕೆಂಡು ಉಳಿಯುತ್ತದೆ. ಇವತ್ತು ಒಂದು ಅಂಗಡಿ, ನಾಳೆ ಇನ್ನೊಂದು ಅಂಗಡಿ ಎಂದು ಕೇಳಿ ಹೋಲಿಸುವುದು ನಿಮ್ಮ ಅಂದಿನ ಮನಸ್ಸನ್ನು ಇಂದಿನ ಮನಸ್ಸಿನೊಂದಿಗೆ ಹೋಲಿಸಿದಂತೆ.

ಏನು ನುಡಿಸಬೇಕು? ಬಲ್ಲ ಕೃತಿಯನ್ನು ಮೊದಲಿಗೇ ನುಡಿಸಬೇಡಿ, ಅದರ ಸೊಗಸು ವಾದ್ಯದ ದೋಷವನ್ನು ಮುಚ್ಚುತ್ತದೆ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಮಾಯಾಮಾಳವಗೌಳದ ಸರಳೆ ವರಸೆಯನ್ನು ಮೊದಲ ಕಾಲದಲ್ಲಿ, ಪ್ರತಿ ಸ್ವರಕ್ಕೂ ಒಂದೇ ಮೀಟು ಕೊಟ್ಟು ನುಡಿಸಿ. ಯಾವ ಸ್ವರ ಎದ್ದು ಬರುತ್ತದೆ, ಯಾವುದು ಕುಗ್ಗುತ್ತದೆ, ಯಾವುದರ ಕಾರ್ವೆ (ಮೀಟಿದ ಮೇಲೆ ನಾದ ಉಳಿಯುವುದು) ಅರ್ಧದಲ್ಲೇ ಸಾಯುತ್ತದೆ ಎಂದು ತಕ್ಷಣ ಕಾಣುತ್ತದೆ. ಆಮೇಲೆ ನಾಲ್ಕೂ ಜೋಡಿಗಳಲ್ಲಿ ತೆರೆದ ತಂತಿಯಿಂದ 12ನೆಯ ಫ್ರೆಟ್‌ವರೆಗೆ ಒಂದೊಂದೇ ಸ್ವರ, ಒಟ್ಟು 52. ಬೇಸರದ ಕೆಲಸ ಹೌದು. ಆದರೆ ವಾದ್ಯದ ನಿಜವಾದ ಗುಣ ಸಿಗುವುದು ಇಲ್ಲೇ. ತೀರ ಮೆಲ್ಲಗೆ ನುಡಿಸಿದರೂ ಎದ್ದೇಳುತ್ತದೆಯೇ, ತೀರ ಜೋರಾಗಿ ನುಡಿಸಿದರೆ ಕರ್ಕಶವಾಗುತ್ತದೆಯೇ ಎಂದೂ ನೋಡಿ. ಇವೆರಡರ ನಡುವಿನ ಹರವು ಹೆಚ್ಚಿದ್ದಷ್ಟೂ ನುಡಿಸುವವರ ಕೈಗೆ ಸ್ವಾತಂತ್ರ್ಯ ಹೆಚ್ಚು.

ಕೇಳಿದ್ದನ್ನು ಮಾತಾಡುವ ಮೊದಲೇ ಬರೆದುಕೊಳ್ಳಿ, ಒಬ್ಬರ ಉದ್ಗಾರ ಉಳಿದವರ ಕಿವಿ ಕೆಡಿಸುತ್ತದೆ. ‘ಚೆನ್ನಾಗಿದೆ’ ಎಂದು ಬರೆದರೆ ಮುಂದೆ ಪ್ರಯೋಜನವಿಲ್ಲ. ‘ಜಿ ತಂತಿ ಗುಂಯ್ ಎನ್ನುತ್ತದೆ, ಇ ತಂತಿ 7ನೆಯ ಫ್ರೆಟ್‌ನಿಂದ ಮೇಲೆ ಕಡ್ಡಿ ಮುರಿದಂತೆ ಕೇಳುತ್ತದೆ, ಎ ತಂತಿ ಮೂಗಿನಲ್ಲಿ ಹಾಡಿದಂತಿದೆ’ ಎಂದು ಬರೆದರೆ ಮುಂದೆ ಅಳೆಯಲು ಏನಾದರೂ ಇರುತ್ತದೆ.

ಎರಡರ ನಡುವೆ ವ್ಯತ್ಯಾಸ ನಿಜಕ್ಕೂ ಕೇಳುತ್ತಿದೆಯೇ ಎಂಬ ಅನುಮಾನ ಬಂದರೆ ಹೀಗೆ ಮಾಡಿ. ಒಂದನೆಯದು, ಎರಡನೆಯದು ಎಂದು ಹೇಳಿ ಎರಡನ್ನೂ ನುಡಿಸಿ. ಆಮೇಲೆ ನಾಣ್ಯ ಚಿಮ್ಮಿ, ಬಂದದ್ದನ್ನು ಹೆಸರು ಹೇಳದೆ ನುಡಿಸಿ, ಯಾವುದೆಂದು ಕೇಳಿ. ಹತ್ತು ಸಲ. 9 ಅಥವಾ 10 ಸರಿ ಬಂದರೆ ವ್ಯತ್ಯಾಸ ನಿಜ, ಬರೀ ಊಹೆಯಿಂದ ಅಷ್ಟು ಬರುವ ಸಂಭವ ನೂರಕ್ಕೆ ಒಂದು. 7 ಸರಿ ಬಂದರೆ ಹಿಗ್ಗಬೇಡಿ, ಊಹಿಸುವವರಿಗೂ 7 ಅಥವಾ ಹೆಚ್ಚು ಸರಿ ಬರುವ ಸಂಭವ ನೂರಕ್ಕೆ 17.

ಜೋರಿನ ವಿಷಯ ಬೇರೆಯೇ ಹೇಳಬೇಕು. ಒಂದು ವಾದ್ಯ ಇನ್ನೊಂದಕ್ಕಿಂತ ಒಂದೇ ಡೆಸಿಬೆಲ್ ಹೆಚ್ಚಿದ್ದರೂ ಕೇಳುವವರು ಅದನ್ನು ‘ಜೋರು’ ಎನ್ನುವುದಿಲ್ಲ, ‘ತುಂಬು ನಾದ’, ‘ಸ್ಪಷ್ಟ’ ಎನ್ನುತ್ತಾರೆ. ಅದಕ್ಕೆ ಎರಡು ಸುತ್ತು ಬೇಕು. ಮೊದಲ ಸುತ್ತು ಎದುರಾಬದುರು, ಜೋರೂ ಸೇರಿದಂತೆ. ಎರಡನೆಯ ಸುತ್ತು ರೆಕಾರ್ಡಿಂಗ್‌ನಲ್ಲಿ, ಎರಡನ್ನೂ ಸಮ ಮಾಡಿ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಎಂಬುದಿದೆ, ಎರಡೂ ತುಣುಕುಗಳಿಗೆ ಅದೇ ಸಂಖ್ಯೆ ಕೊಡಿ. ಬರೀ ನಾರ್ಮಲೈಸ್ ಬಳಸಬೇಡಿ. ಅದು ಎತ್ತರದ ಶಿಖರವನ್ನು ಮಾತ್ರ ಸಮ ಮಾಡುತ್ತದೆ. ಮ್ಯಾಂಡೊಲಿನ್ನಿನಲ್ಲಿ ಶಿಖರವೆಂದರೆ ಪಿಕ್ ತಾಗಿದ ಕ್ಷಣ, ಅದಕ್ಕೂ ನಾದದ ಒಟ್ಟು ಜೋರಿಗೂ ನೇರ ಸಂಬಂಧವಿಲ್ಲ. ಜೋರು ಸಮವಾದ ಮೇಲೂ ಮೊದಲಿನದೇ ಗೆದ್ದರೆ ಅದು ನಾದದ ಗೆಲುವು.

ಅಳೆಯಲು ಏನು ಬೇಕು

ಅಳತೆಗೆಂದೇ ಬರುವ ಯುಎಸ್‌ಬಿ ಮೈಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಯಾವುದೇ ಕಂಡೆನ್ಸರ್ ಮೈಕ್ ಸಾಕು. ನಮಗೆ ಬೇಕಿರುವುದು ಎರಡು ವಾದ್ಯಗಳ ನಡುವಿನ ವ್ಯತ್ಯಾಸ. ಮೈಕಿನ ದೋಷ ಎರಡರ ಮೇಲೂ ಒಂದೇ ರೀತಿ ಬೀಳುವುದರಿಂದ ಹೋಲಿಕೆಗೆ ತೊಂದರೆಯಿಲ್ಲ. ಫೋನ್ ಬಳಸುವುದಾದರೆ ತಾನಾಗಿ ದನಿ ಏರಿಸಿ-ಇಳಿಸುವ, ಗದ್ದಲ ಕಳೆಯುವ ಸೌಲಭ್ಯಗಳನ್ನು ನಿಲ್ಲಿಸಬಲ್ಲ ರೆಕಾರ್ಡರ್ ಆ್ಯಪ್ ಇರಲೇಬೇಕು. ಅವು ಚಾಲೂ ಇದ್ದರೆ ಜೋರಾದ ಮೀಟನ್ನು ತಗ್ಗಿಸಿ, ಸಾಯುತ್ತಿರುವ ನಾದವನ್ನು ಎತ್ತಿ ಹಿಡಿಯುತ್ತವೆ. ಕಾರ್ವೆಯ ಅಳತೆ ಪೂರಾ ಸುಳ್ಳಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ದನಿ, ವಿಡಿಯೊದಲ್ಲಿ ಕೇಳಿದ ಹೋಲಿಕೆ ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಬಟ್ಟೆ ತುಂಬಿದ ಬೀರು, ಹಾಸಿಗೆ, ಪರದೆ ಇರುವ ಮಲಗುವ ಕೋಣೆಯೇ ಸರಿಯಾದ ಜಾಗ. ಫ್ಯಾನ್, ಫ್ರಿಜ್, ಟ್ಯೂಬ್‌ಲೈಟ್ ಆರಿಸಿ. ಇಲ್ಲಿ ಎಡವುವ ಜಾಗ ಒಂದಿದೆ: ನಮ್ಮ ಕರೆಂಟಿನ ಆವೃತ್ತಿ 50 ಹರ್ಟ್ಜ್. ಅದರ ಗುಂಯ್‌ಕಾರ 100, 150, 200 ಹರ್ಟ್ಜ್‌ಗಳಲ್ಲೂ ಸೇರಿಕೊಳ್ಳುತ್ತದೆ. ಮ್ಯಾಂಡೊಲಿನ್ನಿನ ಒಳಗಿನ ಗಾಳಿಯ ಅನುರಣನ (ಆ ಗಾಳಿ ತಾನಾಗಿ ಮಿಡಿಯುವ ಆವೃತ್ತಿ) ಬರುವುದೂ 200ರ ಆಸುಪಾಸಿನಲ್ಲೇ. ಹಾಗಾಗಿ ಮೊದಲು ಹತ್ತು ಸೆಕೆಂಡು ಮೌನವನ್ನೇ ರೆಕಾರ್ಡ್ ಮಾಡಿ, ಸ್ಪೆಕ್ಟ್ರಮ್ ತೆಗೆದು ನೋಡಿ. ಅಲ್ಲಿ ಕಾಣುವ ಶಿಖರಗಳು ಮನೆಯವು, ವಾದ್ಯದವಲ್ಲ. ಲ್ಯಾಪ್‌ಟಾಪನ್ನು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಬಹಳಷ್ಟು ಸಲ ಇದು ಹೋಗುತ್ತದೆ.

ಮೈಕನ್ನು ಕುದುರೆಯ ನೇರಕ್ಕೆ 50 ಸೆಂಟಿಮೀಟರ್ ದೂರದಲ್ಲಿಡಿ. ಎರಡನೆಯ ಸಲ ಎಡಕ್ಕೆ, ಮೂರನೆಯ ಸಲ ಬಲಕ್ಕೆ ಸರಿಸಿ, ಮೂರರ ಸರಾಸರಿ ನೋಡಿ. 1 ಕಿಲೋಹರ್ಟ್ಜ್‌ನ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್, ವಾದ್ಯದ ಹೊಟ್ಟೆಯ ಅಳತೆಗೆ ಹತ್ತಿರ. ಅದಕ್ಕಿಂತ ಮೇಲಿನ ಆವೃತ್ತಿಗಳು ಎಲ್ಲ ದಿಕ್ಕಿಗೂ ಸಮವಾಗಿ ಹರಡುವುದಿಲ್ಲ, ಒಂದೇ ಜಾಗದಿಂದ ಅಳೆದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ನೆಲದ ಮೇಲೆ ಮೈಕ್ ನಿಂತ ಜಾಗ, ಕುರ್ಚಿಯ ಕಾಲು, ಎಲ್ಲಕ್ಕೂ ಟೇಪ್ ಅಂಟಿಸಿ ಗುರುತು ಮಾಡಿ.

ತಟ್ಟಿ ಅಳೆಯುವುದು

ಎಲ್ಲ ತಂತಿಗಳ ನಡುವೆ ಒಂದು ಬಟ್ಟೆಯ ಪಟ್ಟಿಯನ್ನು ಹೆಣೆದಂತೆ ತೂರಿಸಿ, ದನಿ ಕಟ್ಟಿ. ಕುದುರೆಯ ಹಿಂದಿನ ತಂತಿಯ ತುಂಡುಗಳಿಗೂ ಹೀಗೇ ಮಾಡಿ, ಅವೂ ತಾವಾಗಿ ಮಿಡಿಯುತ್ತವೆ. ವಾದ್ಯದ ತಲೆಯನ್ನು ಎರಡು ರಬ್ಬರ್ ಬ್ಯಾಂಡಿನಿಂದ ನೇತುಹಾಕಿ. ಪೆನ್ಸಿಲಿನ ಹಿಂದಿನ ರಬ್ಬರಿನಿಂದ ಕುದುರೆಯ ತಲೆಯ ಮೇಲೆ ಚಿಕ್ಕದಾಗಿ, ಒಂದೇ ಹದದಲ್ಲಿ ಹತ್ತು ಸಲ ತಟ್ಟಿ, ಸೆಕೆಂಡಿಗೆ ಒಂದರಂತೆ. ಜಿ ಕಡೆಗೆ ಹತ್ತು, ಇ ಕಡೆಗೆ ಹತ್ತು.

ಆಡಾಸಿಟಿಯಲ್ಲಿ ಹತ್ತೂ ತಟ್ಟುಗಳನ್ನು ಒಟ್ಟಿಗೆ ಆಯ್ದುಕೊಂಡು ಅನಲೈಸ್ ಪಟ್ಟಿಯಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ. ಸೈಜ್ 16384 ಇಡಿ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ರೆಕಾರ್ಡಿಂಗ್‌ನಲ್ಲಿ ಅದು 2.7 ಹರ್ಟ್ಜ್ ಅಂತರದವರೆಗೆ ಬಿಡಿಸಿ ತೋರಿಸುತ್ತದೆ. ಒಂದೇ ತಟ್ಟನ್ನು ಆಯ್ದರೆ, ಅದು ವಿಂಡೋದ (ತಂತ್ರಾಂಶ ಒಮ್ಮೆಗೆ ಲೆಕ್ಕ ಹಾಕುವ ತುಂಡಿನ) ಅಂಚಿನಲ್ಲಿ ಬಿದ್ದು ಅಳಿಸಿಹೋಗಬಹುದು. ಹತ್ತು ತೆಗೆದುಕೊಳ್ಳುವುದು ಅದಕ್ಕೇ.

ಎಡಗಡೆಯ ಮೊದಲ ದೊಡ್ಡ ಶಿಖರ ಸಾಮಾನ್ಯವಾಗಿ ಒಳಗಿನ ಗಾಳಿಯದು. ಅದು ಹೌದೇ ಎಂದು ಖಚಿತ ಮಾಡಿಕೊಳ್ಳುವ ಸರಳ ಉಪಾಯವಿದೆ. ಒಂದು ಎಫ್-ತೂತಿನ (ಎಫ್ ಅಕ್ಷರದ ಆಕಾರದ ನಾದದ ತೂತು) ಮೇಲೆ ಇಸ್ಪೀಟು ಎಲೆಯನ್ನು ಮೆತ್ತಗೆ ಇಟ್ಟು, ಅಂಚಿಗೆ ಬಣ್ಣದಂಗಡಿಯ ಮಾಸ್ಕಿಂಗ್ ಟೇಪ್ ಹಚ್ಚಿ ಮತ್ತೆ ತಟ್ಟಿ. ಬೇರೆ ಟೇಪ್ ಬೇಡ, ವಾರ್ನಿಷ್ ಎದ್ದುಬರುತ್ತದೆ. ತೆರೆದ ಜಾಗ ಕಡಿಮೆಯಾದಂತೆ ಗಾಳಿಯ ಶಿಖರ ಕೆಳಗಿನ ಆವೃತ್ತಿಗೆ ಜಾರುತ್ತದೆ, ಕುಗ್ಗುತ್ತದೆ. ಬೇರೆ ಶಿಖರಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಜಾರಿದ್ದು ಗಾಳಿ, ನಿಂತದ್ದು ಮರ. ತಟ್ಟಿದ ದನಿಯಲ್ಲೂ ಇದು ಬರಿಗಿವಿಗೆ ಗೊತ್ತಾಗುತ್ತದೆ, ಒಳಗಿನ ‘ಬುಂ’ ಎಂಬುದು ಹೋಗಿ ‘ಟಕ್’ ಮಾತ್ರ ಉಳಿಯುತ್ತದೆ.

ಶಿಖರಗಳ ಸಂಖ್ಯೆಯನ್ನು 52 ಸ್ವರಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಎತ್ತರದ, ಚೂಪಾದ ಶಿಖರವೊಂದು ಯಾವುದಾದರೂ ಸ್ವರದ ಮೇಲೆ ಕೂತಿದ್ದರೆ, ಆ ಸ್ವರ ಎದ್ದು ಕೇಳಿ ಬೇಗ ಸಾಯುತ್ತದೆ ಎಂದು ನಿಮ್ಮ ಟಿಪ್ಪಣಿಯಲ್ಲೂ ಬಂದಿರುವ ಸಾಧ್ಯತೆ ಹೆಚ್ಚು. ತಂತಿಯಲ್ಲಿರುವ ಶಕ್ತಿ ಪ್ರತಿ ಮೀಟಿಗೂ ಇಷ್ಟೇ. ಹೊಟ್ಟೆ ಅದನ್ನು ಬೇಗ ಎಳೆದುಕೊಂಡರೆ ಜೋರು ಹೆಚ್ಚು, ಕಾರ್ವೆ ಕಡಿಮೆ. ನಿಧಾನ ಎಳೆದುಕೊಂಡರೆ ಕಾರ್ವೆ ಹೆಚ್ಚು, ಜೋರು ಕಡಿಮೆ. ಹಾಗಾಗಿ ಉದ್ದ ಕಾರ್ವೆಯೇ ಒಳ್ಳೆಯ ವಾದ್ಯದ ಗುರುತು ಎನ್ನಲಾಗದು. ಅಮೆರಿಕದ ಬ್ಲೂಗ್ರಾಸ್ ಸಂಗೀತದಲ್ಲಿ ತಾಳಕ್ಕೆ ಹೊಡೆಯುವ ‘ಚಾಪ್’ ತಕ್ಷಣ ಸತ್ತರೇ ಚಂದ. ಆಲಾಪನೆ ನುಡಿಸುವವರಿಗೆ ಅದೇ ವಾದ್ಯ ಒಣಗಿದಂತೆ ಕೇಳುತ್ತದೆ.

ಇನ್ನೊಬ್ಬರ ವಾದ್ಯದ ಶಿಖರಗಳನ್ನು ಗುರಿ ಮಾಡಿಕೊಳ್ಳಬೇಡಿ. ಗಿಬ್ಸನ್ ಕಂಪನಿಯಲ್ಲಿ ಲಾಯ್ಡ್ ಲೋರ್ ಸಹಿ ಹಾಕಿದ 1922-24ರ ಎಫ್-5 ಮ್ಯಾಂಡೊಲಿನ್‌ಗಳನ್ನು ಇಂದಿಗೂ ಮಾದರಿ ಎನ್ನುತ್ತಾರೆ. ಬ್ಲೂಗ್ರಾಸ್‌ನ ಬಿಲ್ ಮನ್ರೋ ನುಡಿಸುತ್ತಿದ್ದದ್ದು 1923ರ ಜುಲೈ 9ರ ಸಹಿಯಿರುವಂಥದ್ದು. ಅವುಗಳ ಹಲಗೆ ತಟ್ಟಿದಾಗ ಬರುವ ಸ್ವರಗಳನ್ನು ಬರೆದಿಟ್ಟು ಅದಕ್ಕೆ ಹೊಂದಿಸಿ ಕೆತ್ತುವವರೂ ಇದ್ದಾರೆ. ಆದರೆ ಬಿಡಿ ಹಲಗೆಯ ಸ್ವರ ಬೇರೆ, ಅಂಚಿಗೆ ಅಂಟಿಸಿದ ಮೇಲಿನ ಸ್ವರ ಬೇರೆ, ತಂತಿಯ ಒತ್ತಡ ಬಿದ್ದ ಮೇಲಿನದು ಇನ್ನೂ ಬೇರೆ. ಮರದ ತೂಕ, ಉಬ್ಬಿನ ಎತ್ತರ ಒಂದೊಂದರಲ್ಲೂ ಒಂದೊಂದು. ಅದೇ ಸಂಖ್ಯೆ ಬಂದರೂ ಅದೇ ನಾದ ಬರಬೇಕೆಂದಿಲ್ಲ.

ತಾಮ್ರದ ತಂತಿಯ ಮೀಟು

ಕೈಯಿಂದ ಎಷ್ಟೇ ಜಾಗ್ರತೆಯಾಗಿ ಮೀಟಿದರೂ ಒಂದರಂತೆ ಇನ್ನೊಂದು ಇರುವುದಿಲ್ಲ. ಇದಕ್ಕೆ ಪ್ರಯೋಗಾಲಯದವರು ಬಳಸುವ ಉಪಾಯ ಬಹಳ ಅಗ್ಗದ್ದು: ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 42 ಗೇಜಿನ ತಂತಿ ಕೇಳಿ, ಸುಮಾರು 0.1 ಮಿಲಿಮೀಟರ್ ದಪ್ಪ. ಅದರ ಒಂದು ತುಂಡನ್ನು ಮ್ಯಾಂಡೊಲಿನ್ ತಂತಿಯ ಕೆಳಗಿಂದ ತೂರಿಸಿ, ಎರಡೂ ತುದಿಗಳನ್ನು ಒಂದು ಪೆನ್ಸಿಲಿಗೆ ಸುತ್ತಿಕೊಳ್ಳಿ. ಮೆಲ್ಲಗೆ, ಜಗ್ಗದೆ ಎಳೆಯುತ್ತ ಹೋಗಿ. ತಂತಿ ಬಾಗುತ್ತದೆ, ಬಾಗುತ್ತದೆ, ಒಂದು ಹಂತದಲ್ಲಿ ತಾಮ್ರ ಪಟ್ ಎಂದು ಹರಿಯುತ್ತದೆ, ಸ್ವರ ಹೊರಡುತ್ತದೆ. ಅದೇ ರೀಲಿನ ತಾಮ್ರ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಬಲಕ್ಕೆ ಹರಿಯುವುದರಿಂದ ಪ್ರತಿ ಮೀಟೂ ಒಂದೇ ಬಲದ್ದಾಗುತ್ತದೆ. ಪಿಕ್ಕಿನ ಟಿಕ್ ಸದ್ದೂ ಇರುವುದಿಲ್ಲ. ದಪ್ಪ ತಂತಿಗೆ ಬಲ ಸಾಲದೆನಿಸಿದರೆ 40 ಗೇಜ್ ತನ್ನಿ, ಆದರೆ ಎರಡೂ ವಾದ್ಯಕ್ಕೆ ಅದೇ. ಕಣ್ಣಿಗೆ ಕನ್ನಡಕ ಇರಲಿ.

ಇದರಲ್ಲಿ ಮೂರು ಕಡೆ ತಪ್ಪುತ್ತದೆ. ಮೊದಲನೆಯದು ಜಾಗ. ನಟ್‌ನಿಂದ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕುದುರೆಗೆ ಸುಮಾರು 35 ಸೆಂಟಿಮೀಟರ್. ಕುದುರೆಯಿಂದ 7 ಸೆಂಟಿಮೀಟರಿಗೆ, ಅಂದರೆ ಐದನೆಯ ಒಂದು ಭಾಗಕ್ಕೆ ಮೀಟಿದರೆ ಐದನೆಯ ಹಾರ್ಮೋನಿಕ್ (ಮೂಲಸ್ವರದ ಐದು ಪಟ್ಟು ಆವೃತ್ತಿ) ಹುಟ್ಟುವುದೇ ಇಲ್ಲ. ಎ ತಂತಿಯಲ್ಲಿ ಅದು 2,200 ಹರ್ಟ್ಜ್, ಕಿವಿ ಚುರುಕಾಗಿರುವ ಜಾಗ. 5 ಸೆಂಟಿಮೀಟರಿಗೆ ಬಂದರೆ ಅದು ತಿರುಗಿ ಬರುತ್ತದೆ, ಏಳನೆಯದು, ಅಂದರೆ 3,080 ಹರ್ಟ್ಜ್, ಮಾಯವಾಗುತ್ತದೆ. ಒಂದರಲ್ಲಿ 7, ಇನ್ನೊಂದರಲ್ಲಿ 5 ಸೆಂಟಿಮೀಟರಿಗೆ ಮೀಟಿ ‘ಇದು ಹೆಚ್ಚು ಹೊಳಪು’ ಎಂದರೆ ಅದು ಅಳತೆಯಲ್ಲ. ಹಲಗೆಯ ಮೇಲೆ ಕಾಗದದ ಗುರುತು ಅಂಟಿಸಿ.

ಎರಡನೆಯದು ದಿಕ್ಕು. ಹಲಗೆಗೆ ಲಂಬವಾಗಿ ಮೇಲಕ್ಕೆ ಎಳೆದರೆ ಕುದುರೆ ಹೆಚ್ಚು ಕುಣಿಯುತ್ತದೆ: ಜೋರು ಹೆಚ್ಚು, ಕಾರ್ವೆ ಕಡಿಮೆ. ಪಕ್ಕಕ್ಕೆ ಎಳೆದರೆ ತಿರುಗುಮುರುಗು. ಯಾವುದಾದರೂ ಒಂದನ್ನು ಹಿಡಿದುಕೊಂಡು ಕೊನೆತನಕ ಅದನ್ನೇ ಮಾಡಿ.

ಮೂರನೆಯದು ಜೋಡಿ ತಂತಿ. ಜೋಡಿಯ ಎರಡು ತಂತಿಗಳ ನಡುವೆ ಎರಡು ಸೆಂಟ್ (ಒಂದು ಫ್ರೆಟ್‌ನ ಅಂತರವೆಂದರೆ ನೂರು ಸೆಂಟ್) ವ್ಯತ್ಯಾಸವಿದ್ದರೂ ಎ ತಂತಿಯಲ್ಲಿ ಅದು ಅರ್ಧ ಹರ್ಟ್ಜ್, ಎರಡು ಸೆಕೆಂಡಿಗೆ ಒಂದು ಅಲೆ ಬರುತ್ತದೆ. ನಾದ ಏರಿ ಇಳಿದು ಕಾರ್ವೆಯ ರೇಖೆ ಅಡ್ಡಾದಿಡ್ಡಿಯಾಗುತ್ತದೆ. ಪೂರ್ತಿ ಶ್ರುತಿ ಸೇರಿದ್ದರೂ ಎರಡು ತಂತಿಗಳು ಕುದುರೆಯ ಮೂಲಕ ಶಕ್ತಿ ಹಂಚಿಕೊಳ್ಳುವುದರಿಂದ, ನಾದ ಮೊದಲು ಬೇಗ ಇಳಿದು ಆಮೇಲೆ ನಿಧಾನ ಇಳಿಯುತ್ತದೆ. ಅಳೆಯುವಾಗ ಜೋಡಿಯ ಒಂದನ್ನು ಬಟ್ಟೆಯ ಚೂರಿನಿಂದ ಕಟ್ಟಿಬಿಡಿ, ಉಳಿದ ಮೂರು ಜೋಡಿಗಳನ್ನೂ ಕಟ್ಟಿ. ಕೇಳುವಾಗ ಮಾತ್ರ ಜೋಡಿ ಬಿಡಿಸಿ. ಮ್ಯಾಂಡೊಲಿನ್ನಿನ ಮಿನುಗು ಇರುವುದೇ ಆ ಜೋಡಿಯಲ್ಲಿ.

ಕಾರ್ವೆ ಲೆಕ್ಕ ಹಾಕುವುದು ಸುಲಭ. ಮೀಟಿದ ತಕ್ಷಣದ ಚೂಪು ತುದಿ ಬಿಟ್ಟು, ಆಡಾಸಿಟಿ ತೋರಿಸುವ ಅಲೆಯ ಎತ್ತರ 0.5 ಇರುವಲ್ಲಿಂದ 0.05ಕ್ಕೆ ಇಳಿಯುವವರೆಗಿನ ಸಮಯ ನೋಡಿ. ಹತ್ತನೆಯ ಒಂದಕ್ಕೆ ಇಳಿದರೆ 20 ಡೆಸಿಬೆಲ್ ಇಳಿದಂತೆ. ಮೂರರಿಂದ ಗುಣಿಸಿದರೆ 60 ಡೆಸಿಬೆಲ್ ಇಳಿಯುವ ಸಮಯ. ಪ್ರತಿ ತಂತಿಯಲ್ಲಿ ತೆರೆದದ್ದು, 5, 7, 12ನೆಯ ಫ್ರೆಟ್ ಸಾಕು. ಜೊತೆಗೆ, ಸರಳೆಯಲ್ಲಿ ಕುಗ್ಗಿದ್ದಾಗಿ ಬರೆದುಕೊಂಡ ಸ್ವರಗಳು.

ಇದೆಲ್ಲಕ್ಕೂ ಮುನ್ನ ಮಾಡಲೇಬೇಕಾದ ಒಂದು ಕೆಲಸ: ಒಂದೇ ವಾದ್ಯದ ಒಂದೇ ಸ್ವರವನ್ನು ಐದು ಸಲ ಅಳೆಯಿರಿ, ಪ್ರತಿ ಸಲವೂ ವಾದ್ಯ ಕೆಳಗಿಟ್ಟು, ಮೈಕ್ ತೆಗೆದು ಮತ್ತೆ ಇಟ್ಟು. ಐದರ ನಡುವೆ ಎಷ್ಟು ಏರುಪೇರು ಬಂತೋ ಅದು ನಿಮ್ಮ ಅಳತೆಯ ಮಿತಿ. ಎರಡು ವಾದ್ಯಗಳ ವ್ಯತ್ಯಾಸ ಆ ಮಿತಿಯೊಳಗೇ ಇದ್ದರೆ ವ್ಯತ್ಯಾಸವಿಲ್ಲ ಎಂದೇ ಬರೆಯಿರಿ. ಇದನ್ನು ಬಿಟ್ಟು ತೆಗೆದ ಗ್ರಾಫನ್ನು ಯಾರಿಗೂ ತೋರಿಸಬಾರದು.

ಕಿವಿಯೂ ಗ್ರಾಫೂ ಒಪ್ಪದಿದ್ದಾಗ

ಜಿ ತಂತಿ ಗಂಭೀರವಾಗಿ ಕೇಳುತ್ತಿದೆ, ಆದರೆ ಸ್ಪೆಕ್ಟ್ರಮ್‌ನಲ್ಲಿ 196ರ ಶಿಖರ 392ಕ್ಕಿಂತ ಗಿಡ್ಡ. ಇಲ್ಲಿ ಯಾರೂ ತಪ್ಪಿಲ್ಲ. ಚಿಕ್ಕ ಹೊಟ್ಟೆಯ ವಾದ್ಯ ಅಷ್ಟು ಕೆಳಗಿನ ಆವೃತ್ತಿಯನ್ನು ಹೊರಗೆಸೆಯಲು ಒದ್ದಾಡುತ್ತದೆ. ಮೇಲಿನ ಹಾರ್ಮೋನಿಕ್‌ಗಳ ಅಂತರದಿಂದ ಮೂಲಸ್ವರವನ್ನು ಕಿವಿಯೇ ಕಟ್ಟಿಕೊಳ್ಳುತ್ತದೆ. ಇಂಥಲ್ಲಿ ಕಿವಿಯ ಮಾತೇ ಅಂತಿಮ.

ಮೂಗುದನಿ ಎಂದು ಬರೆದಿದ್ದರೆ 1 ಕಿಲೋಹರ್ಟ್ಜ್ ಸುತ್ತ ಉಬ್ಬು ಇದೆಯೇ ನೋಡಿ. ಚುಚ್ಚುತ್ತದೆ ಎಂದಿದ್ದರೆ 2ರಿಂದ 5 ಕಿಲೋಹರ್ಟ್ಜ್. ಉಬ್ಬು ಸಿಕ್ಕರೆ ಈಕ್ವಲೈಜರ್‌ನಲ್ಲಿ ಅದಷ್ಟನ್ನೇ 3-4 ಡೆಸಿಬೆಲ್ ತಗ್ಗಿಸಿ ಮತ್ತೆ ಕೇಳಿ. ದೂರು ಹೋದರೆ ಕಾರಣ ಸಿಕ್ಕಿತು. ಹೋಗದಿದ್ದರೆ ಆ ಉಬ್ಬು ದಾರಿಹೋಕ, ಬೇರೆ ಹುಡುಕಬೇಕು. ಅಳತೆಯನ್ನು ತಿರುಗಿ ಕಿವಿಗೆ ಒಪ್ಪಿಸುವುದು ಎಂದರೆ ಇದೇ. ಎಷ್ಟೋ ಅಳತೆಗಾರರು ಈ ಮೆಟ್ಟಿಲನ್ನೇ ಬಿಟ್ಟುಬಿಡುತ್ತಾರೆ.

ಅಳತೆ ಖಂಡಿತ ಗೆಲ್ಲುವ ಕಡೆಗಳೂ ಇವೆ: ಫ್ರೆಟ್‌ಗಳ ಶ್ರುತಿ, ಕುದುರೆಯ ಜಾಗ, ಎರಡು ವಾದ್ಯಗಳ ಜೋರಿನ ಅಂತರ, ಒಂದೇ ವಾದ್ಯದಲ್ಲಿ ಕುದುರೆ ಬದಲಿಸಿದ ಮೊದಲು-ಆಮೇಲೆ. ಕುದುರೆ ಬದಲಿಸಿ, ದುಡ್ಡು ಕೊಟ್ಟು ಮನೆಗೆ ಬಂದ ದಿನ ನಾದ ಉತ್ತಮವಾಗಿಯೇ ಕೇಳುತ್ತದೆ. ಬದಲಿಸುವ ಮೊದಲಿನ ರೆಕಾರ್ಡಿಂಗ್ ಇದ್ದರೆ ಮಾತ್ರ ಸತ್ಯ ಗೊತ್ತಾಗುತ್ತದೆ. ಮೀಟಿಗೆ ವಾದ್ಯ ಎಷ್ಟು ಬೇಗ ಓಗೊಡುತ್ತದೆ, ಪಿಕ್ಕಿನ ಓರೆ ಬದಲಿಸಿದರೆ ಬಣ್ಣ ಎಷ್ಟು ಬದಲಾಗುತ್ತದೆ, ಇವಕ್ಕೆ ಮನೆಯಲ್ಲಿ ಮಾಡಬಹುದಾದ ನೆಚ್ಚಿನ ಅಳತೆ ಇಲ್ಲ. ಅಲ್ಲಿ ಕೈ ಮತ್ತು ಕಿವಿಯನ್ನೇ ನಂಬಿ.

ಎಲೆಕ್ಟ್ರಿಕ್ ಮ್ಯಾಂಡೊಲಿನ್ ಆದರೆ

ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ (1969-2014) ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು ಜೋಡಿ ಬಿಟ್ಟು ಒಂಟಿ ತಂತಿಗಳ, ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ನನ್ನು. ಜೋಡಿ ಇಲ್ಲದ್ದರಿಂದ ಗಮಕಕ್ಕೆ ತಂತಿ ಎಳೆಯಲು ಹಗುರ, ಶ್ರುತಿಯ ಅಲೆಯ ಕಾಟವೂ ಇಲ್ಲ. ಇದರಲ್ಲಿ ಹೊಟ್ಟೆಯ ಅನುರಣನಕ್ಕಿಂತ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ತಂತಿ, ಆಂಪ್ಲಿಫೈಯರ್‌ಗಳದ್ದೇ ಮಾತು. ತಟ್ಟುವ ಪರೀಕ್ಷೆ ಬಿಡಿ. ಕೇಬಲನ್ನು ನೇರ ಆಡಿಯೊ ಇಂಟರ್‌ಫೇಸ್‌ಗೆ ಹಾಕಿದರೆ ಕೋಣೆಯ ಸಮಸ್ಯೆಯೇ ಇಲ್ಲ. ನೋಡಬೇಕಾದದ್ದು ತಂತಿಯಿಂದ ತಂತಿಗೆ ಜೋರಿನ ಸಮತೋಲ, ಎಲ್ಲ ಫ್ರೆಟ್‌ಗಳಲ್ಲಿ ಕಾರ್ವೆಯ ಉದ್ದ. ಜೊತೆಗೆ, ತಂತಿಯನ್ನು ಪಕ್ಕಕ್ಕೆ ಎಳೆದಾಗ ದನಿ ಕುಗ್ಗುತ್ತದೆಯೇ ಎಂಬುದು. ಕುಗ್ಗಿದರೆ ತಂತಿ ಪಿಕಪ್ಪಿನ ಅಯಸ್ಕಾಂತದ ಮೇಲಿಂದ ಜಾರಿದೆ ಎಂದರ್ಥ. ದೀರ್ಘ ಜಾರುವಿನ ನಡುವೆ ನಾದ ಬಿಟ್ಟುಹೋಗುವ ದೋಷ ಹೀಗೆ ಬರುತ್ತದೆ. ಕೇಳುವಾಗ ಆಂಪ್ಲಿಫೈಯರ್ ಒಂದೇ ಇರಲಿ, ಗುಬುಟುಗಳನ್ನು ಮುಟ್ಟಬೇಡಿ. ಎರಡು ಪಿಕಪ್‌ಗಳ ಬಲ ಬೇರೆಯಿದ್ದರೆ ವಾಲ್ಯೂಮ್ ಒಂದನ್ನೇ ಹೊಂದಿಸಿ.

ಅಳತೆ ಬರೆದಿಡುವಾಗ

ಪ್ರತಿ ಹಾಳೆಯ ಮೇಲೆ ದಿನಾಂಕ, ತಂತಿಯ ಹೆಸರು ಮತ್ತು ವಯಸ್ಸು, ಕೋಣೆಯ ಉಷ್ಣತೆ, ತೇವಾಂಶ ಬರೆಯಿರಿ. ತೇವಾಂಶ ತೋರಿಸುವ ಚಿಕ್ಕ ಮೀಟರ್ ದುಬಾರಿಯಲ್ಲ. ವಾದ್ಯಕ್ಕೆ ಹಿತ 45ರಿಂದ 55 ಶೇಕಡಾ. ಮಂಗಳೂರಿನ ಮಳೆಗಾಲದಲ್ಲಿ ಅದು ಕನಸಿನ ಮಾತು, ಬಳ್ಳಾರಿಯ ಬೇಸಗೆಯಲ್ಲಿ ತಿರುಗುಮುರುಗು. ತೇವ ಹೀರಿದ ಮೇಲ್ಹಲಗೆ ಉಬ್ಬಿ ಕುದುರೆಯನ್ನು ಎತ್ತುತ್ತದೆ, ತಂತಿ ಮೇಲೇರುತ್ತದೆ, ನಾದ ಮಂಕಾಗುತ್ತದೆ, ತಟ್ಟಿದಾಗಿನ ಶಿಖರಗಳೂ ಜಾರುತ್ತವೆ. ಜುಲೈಯಲ್ಲಿ ಒಂದನ್ನು, ಮಾರ್ಚ್‌ನಲ್ಲಿ ಇನ್ನೊಂದನ್ನು ಅಳೆದು ಪಕ್ಕಪಕ್ಕ ಇಡಬೇಡಿ. ಎರಡೂ ವಾದ್ಯಗಳು ಒಂದೇ ಕೋಣೆಯಲ್ಲಿ, ಪೆಟ್ಟಿಗೆಯಿಂದ ಹೊರಗೆ, ಕನಿಷ್ಠ ಒಂದು ಇಡೀ ದಿನ ಕಳೆದ ಮೇಲೆ ಪರೀಕ್ಷೆಗೆ ಕೂರಿಸಿ. ಒಂದೇ ವಾದ್ಯ ಇಟ್ಟುಕೊಂಡವರು ಮಳೆಗಾಲದ ನಡುವೆ ಒಮ್ಮೆ, ಬೇಸಗೆಯ ನಡುವೆ ಒಮ್ಮೆ ತಟ್ಟಿ ರೆಕಾರ್ಡ್ ಮಾಡಿಟ್ಟರೆ ಸಾಕು. ಮುಂದಿನ ವರ್ಷ ಅದೇ ಕಾಲದಲ್ಲಿ ಶಿಖರ ಬೇರೆ ಕಡೆ ಕಂಡರೆ ಮೊದಲು ಕಾಗದದ ಚೂರು ತೆಗೆದುಕೊಂಡು ಕುದುರೆಯ ಪಾದ ನೋಡಿ, ಆಮೇಲೆ ಅಂಚಿನ ಅಂಟು.